ಅಜ್ಜಿಯ ಹೆಸರನ್ನು ಮೂರು ತುಂಡು ಮಾಡಿದ ಎಕ್ಸಾರ್ಗ್ಸ್ ಮಹಾಶಯರಿಗೆ

ಇವರಿಗೆ:
ಶ್ರೀಮಾನ್ ಎಕ್ಸಾರ್ಗ್ಸ್ ಅವರು,
ಪಟ್ಟಿ ಸಾಗಣೆ ವಿಭಾಗ, ಕಪ್ಪು ಪರದೆ,
ನಮ್ಮ ಕಂಪ್ಯೂಟರಿನ ಒಳಗೆ ಎಲ್ಲೋ ಒಂದು ಕಡೆ.

ಇವರಿಂದ:
ಗಂಗ್ಸರ್, ಹಿರಿಯರ ಧ್ವನಿ ಭಂಡಾರ,
ಲಾಸೆಮ್, ಜಾವಾದ ಉತ್ತರ ಕರಾವಳಿ.

ಮಾನ್ಯರಲ್ಲಿ ಮಾನ್ಯರೇ,

ಮೊದಲಿಗೆ ತಮ್ಮ ಪಾದಗಳಿಗೆ, ಅಂಥವು ತಮಗೆ ಇದ್ದ ಪಕ್ಷದಲ್ಲಿ, ನನ್ನ ವಿನಮ್ರ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಿಲ್ಲದಿದ್ದರೂ ತಾವು ಹೇಳುವವರಲ್ಲ ಎಂಬುದು ಇಡೀ ಜಗತ್ತಿಗೆ ಗೊತ್ತು. ಸುಮಾರು ಐವತ್ತು ವರ್ಷಗಳ ಸೇವೆಯಲ್ಲಿ, ಕೆಲಸ ನೆಟ್ಟಗೆ ಮುಗಿದಾಗಲೂ ತುಟಿ ಬಿಚ್ಚದೆ, ಮನೆ ಹಾಳಾದಾಗಲೂ ತುಟಿ ಬಿಚ್ಚದೆ, ಎರಡನ್ನೂ ಒಂದೇ ಗಾಂಭೀರ್ಯದಿಂದ ನಡೆಸಿಕೊಂಡು ಬಂದ ತಮ್ಮ ಸಂಯಮವನ್ನು ನೋಡಿ ನಮ್ಮೂರಿನ ಹಿರಿಯರೇ ನಾಚಬೇಕು. ಇಂಥವರ ಮೇಲೆ ದೂರು ಬರೆಯುವ ಪ್ರಸಂಗ ನನ್ನ ಪಾಲಿಗೆ ಬಂತಲ್ಲ. ತಪ್ಪಿದ್ದರೆ ಮನ್ನಿಸಿ.

ನನ್ನ ಪರಿಚಯ ತಮಗಿಲ್ಲ. ದಿನಕ್ಕೆ ಹತ್ತು ಬಾರಿ ತಮ್ಮನ್ನು ಹೆಸರು ಹಿಡಿದು ಕರೆದಿದ್ದರೂ ತಾವು ಒಮ್ಮೆಯೂ 'ಯಾರಪ್ಪಾ' ಎಂದಿಲ್ಲ. ಇಲ್ಲಿ ಹಳೆಯ ಬಾಟಿಕ್ ಮನೆಯೊಂದರ ಹಿಂದಿನ ಕೋಣೆಯಲ್ಲಿ ನಮ್ಮ ಧ್ವನಿ ಭಂಡಾರವಿದೆ. ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಬಳ್ಳಿ ಬರೆಯುವ ಅಜ್ಜಿಯರು, ದೋಣಿ ಕಟ್ಟುವ ಅಜ್ಜಂದಿರು, ಇವರೆಲ್ಲ ಹಾಡಿದ್ದು, ಹೇಳಿದ್ದು, ಬೈದದ್ದು ಅಲ್ಲಿ ಫೈಲುಗಳಾಗಿ ಕುಳಿತಿದ್ದವು. 'ಇದ್ದವು' ಎಂಬ ಪದವನ್ನು ತಾವು ದಯವಿಟ್ಟು ಗಮನಿಸಬೇಕು. ಭಂಡಾರವನ್ನು ನಡೆಸುವವರು ಬು ಹರ್ನಿ, 'ಬು' ಎಂದರೆ ನಮ್ಮಲ್ಲಿ ಅಮ್ಮಾವ್ರು; ಮೂವತ್ತೈದು ವರ್ಷ ಶಾಲೆಯಲ್ಲಿ ಜಾವಾ ಭಾಷೆ ಕಲಿಸಿ ನಿವೃತ್ತರಾದವರು, ನಿವೃತ್ತರಾದದ್ದನ್ನು ಇನ್ನೂ ಒಪ್ಪಿಕೊಳ್ಳದವರು. ನಾನು ಅಲ್ಲಿನ ಕಂಪ್ಯೂಟರ್ ಬಲ್ಲವನು, ಅಂದರೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಕಂಡರೆ ಓಡಿಹೋಗದವನು.

ನಮ್ಮ ಭಂಡಾರದ ಅತ್ಯಂತ ಬೆಲೆಬಾಳುವ ದನಿ ಮ್ಬಾ ಸರಿಂತೆನ್ ಅವರದು; ಅಜ್ಜ ಅಜ್ಜಿಯರ ಹೆಸರಿನ ಮುಂದೆ ನಾವು ಇಡುವ ಗೌರವವೇ ಈ 'ಮ್ಬಾ'. ಎಂಬತ್ತನಾಲ್ಕು ವರ್ಷ, ಬೊಚ್ಚು ಬಾಯಿ, ಕೈಯಲ್ಲಿ ಮೇಣದ ಲೇಖನಿ ಹಿಡಿದರೆ ಒಂದು ಗೆರೆಯೂ ಅಲುಗದು. ಅವರು ತಮ್ಮ ಮಗಳನ್ನು ತೂಗುತ್ತಾ ಹಾಡುತ್ತಿದ್ದ ಒಂದು ಜೋಗುಳವನ್ನು, ಬು ಹರ್ನಿಯವರ ಆರು ತಿಂಗಳ ಕಾಡಾಟದ ಫಲವಾಗಿ, ಹಬ್ಬದ ರವಿಕೆಯಾದ ಕೆಬಾಯ ತೊಟ್ಟು, ಕೋಳಿಗಳನ್ನೆಲ್ಲ ಪಕ್ಕದ ಮನೆಗೆ ಅಟ್ಟಿಸಿ, ಒಂದು ಮಧ್ಯಾಹ್ನ ಮೈಕಿನ ಮುಂದೆ ಹಾಡಿಕೊಟ್ಟರು. ಆಮೇಲೆ ಎರಡೇ ವಾರಕ್ಕೆ ತೀರಿಕೊಂಡರು. ಅವರ ಮಗಳು ಬು ಪೊನಿರಾ, ಅಮ್ಮನ ಬಾಯಲ್ಲಿ ಪೋನ್, ರಸ್ತೆ ಬದಿಯಲ್ಲಿ ಟಾರ್ಪಾಲಿನ ಕೆಳಗೆ ಅಕ್ಕಿಕಡುಬು, ಕೋಳಿಸಾರು ಮಾರುತ್ತಾರೆ. ಆಕೆ ಆ ಹಾಡನ್ನು ಕೇಳಲು ಒಪ್ಪಲಿಲ್ಲ. 'ಈಗ ಬೇಡ. ಮಾಕ್‌ದು ಸಾವಿನ ನೂರನೇ ದಿನ ಮಾಡ್ತೀವಲ್ಲ, ಪ್ರಾರ್ಥನೆ ಆದ್ಮೇಲೆ ಎಲ್ಲರ ಎದುರಿಗೆ ಹಾಕಿ. ಅಮ್ಮನ ದನಿ ಒಂದೇ ಒಂದ್ಸಲ ಮನೇಲಿ ಕೇಳಿದ್ರೆ ಸಾಕು' ಎಂದರು. ಇಷ್ಟೇ ಕೋರಿಕೆ. ಇದಕ್ಕೆ ಮುಂಗಡ ಕೃತಜ್ಞತೆಯೆಂದು ನೂರನೇ ದಿನಕ್ಕೆ ಒಂಬತ್ತು ದಿನ ಇರುವಾಗಲೇ ಭಂಡಾರಕ್ಕೆ ಕೋಳಿಸಾರು ಹೊತ್ತು ತಂದರು. ನಾನು ಎರಡು ತಟ್ಟೆ ಉಂಡೆ. ಉಂಡು, ಕೈ ತೊಳೆದು, ಫೈಲುಗಳನ್ನು ಚೊಕ್ಕಟ ಮಾಡಲು ಕುಳಿತೆ. ಚೊಕ್ಕಟ ಮಾಡಬೇಕೆಂದು ಹೊಟ್ಟೆ ತುಂಬಿದವರಿಗೇ ಅನ್ನಿಸುವುದು.

ಈಗ ತಮ್ಮ ಉದ್ಯೋಗದ ಬಗ್ಗೆ ನಾಲ್ಕು ಮಾತು, ಈ ಪತ್ರವನ್ನು ಓದುವ ಊರಿನ ಸಾರ್ವಜನಿಕರ ತಿಳುವಳಿಕೆಗಾಗಿ. ಕಪ್ಪು ಪರದೆಯ ಲೋಕದಲ್ಲಿ ಒಬ್ಬೊಬ್ಬರದು ಒಂದೊಂದೇ ಕೆಲಸ. ಫೈಂಡ್ ಎಂಬವರು ಮನೆಯೆಲ್ಲ ಸುತ್ತಿ, ಬೇಕಾದ ಫೈಲುಗಳನ್ನು ಹುಡುಕಿ, ಅವುಗಳ ಹೆಸರನ್ನು ಒಂದಾದ ಮೇಲೊಂದು ಕೂಗಿ ಹೇಳುತ್ತಾರೆ. ಆರೆಮ್ ಎಂಬವರು ಕೊಟ್ಟ ಹೆಸರಿನದನ್ನು ಅಳಿಸುತ್ತಾರೆ. ಆದರೆ ಆರೆಮ್ ಅವರಿಗೆ ಕೂಗು ಕೇಳಿಸುವುದಿಲ್ಲ. ಹೆಸರನ್ನು ಕೈಗೇ ಇಡಬೇಕು. ಆದ್ದರಿಂದ ಫೈಂಡ್ ಅವರ ಕೂಗನ್ನು ಒಂದು ಕೊಳವೆಯಲ್ಲಿ ಹರಿಸಿ, ಕೊಳವೆಯ ಈಚೆ ಬಾಯಲ್ಲಿ ತಾವು ನಿಂತು, ಬಂದ ಹೆಸರುಗಳನ್ನು ಹಿಡಿದು ಆರೆಮ್ ಅವರ ಕೈಗೆ ದಾಟಿಸುತ್ತೀರಿ. ಎಷ್ಟು ಸರಳ, ಎಷ್ಟು ಪವಿತ್ರ ಕೆಲಸ! ಮದುವೆ ಮನೆಯಲ್ಲಿ ಒಳಗಿನಿಂದ ಹೊರಗೆ ತಟ್ಟೆ ದಾಟಿಸುವವರ ಹಾಗೆ. ಒಂದು ಚಿಕ್ಕ ಅಭ್ಯಾಸ ಮಾತ್ರ ತಮಗಿದೆ: ಹೆಸರಿನ ನಡುವೆ ಖಾಲಿ ಜಾಗ ಕಂಡ ಕೂಡಲೇ ಅಲ್ಲಿಗೆ ಒಂದು ಹೆಸರು ಮುಗಿಯಿತು, ಮುಂದಿನದು ಇನ್ನೊಬ್ಬರದು ಎಂದು ತಾವು ತೀರ್ಮಾನಿಸಿಬಿಡುತ್ತೀರಿ. ತಟ್ಟೆಯಲ್ಲಿ ಅನ್ನಕ್ಕೂ ಪಲ್ಯಕ್ಕೂ ನಡುವೆ ಸಂದಿ ಕಂಡರೆ ತಟ್ಟೆಯನ್ನೇ ಒಡೆದು ಎರಡು ಮಾಡಿ ಬಡಿಸುವ ಔದಾರ್ಯ.

ಈ ಅಭ್ಯಾಸ ನನಗೆ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಗೊತ್ತಿತ್ತು. ಮೊದಲ ವಾರವೇ ಬು ಹರ್ನಿಯವರ ಮುಂದೆ ಕೈಕಟ್ಟಿ ನಿಂತು, 'ಬು, ಫೈಲಿನ ಹೆಸರಲ್ಲಿ ಖಾಲಿ ಜಾಗ ಬಿಡೋದು ಬೇಡ, ಮ್ಬಾ ಅಂತ ಬರೆದು ಒಂದು ಅಡಿಗೆರೆ ಎಳೆದು ಆಮೇಲೆ ಹೆಸರು ಬರೆಯೋಣ' ಎಂದಿದ್ದೆ. ಅವರು ಕನ್ನಡಕ ತೆಗೆದರು. ಕನ್ನಡಕ ತೆಗೆದರೆಂದರೆ ಹಳೆಯ ವಿದ್ಯಾರ್ಥಿಗಳು ಈಗಲೂ ಎದ್ದು ನಿಲ್ಲುತ್ತಾರೆ. 'ಅಡಿಗೆರೇನಾ? ಮ್ಬಾ ಸರಿಂತೆನ್ ಏನು ಹಗ್ಗಕ್ಕೆ ನೇತುಹಾಕಿರೋ ಒದ್ದೆ ಬಟ್ಟೆನಾ?' ಎಂದರು. 'ಹಾಗಾದ್ರೆ ಮ್ಬಾ ಬಿಟ್ಟು ಬರೀ ಹೆಸರು ಬರೆಯೋಣ' ಎಂದೆ. ಅಜ್ಜಿ ವಯಸ್ಸಿನವರ ಹೆಸರನ್ನು ಮುಂದೆ ಮ್ಬಾ ಇಲ್ಲದೆ, ಬರಿಗಾಲಲ್ಲಿ ನಿಲ್ಲಿಸಿದಂತೆ ಬರೆಯಲು ಹೇಳಿದ ನನ್ನನ್ನು ಅವರು ಕುರ್ಚಿ ತೋರಿಸಿ ಕೂರಿಸಿದರು. ಆಮೇಲೆ, 'ಗಂಗ್ಸರ್, ಗೌರವಕ್ಕೂ ಹೆಸರಿಗೂ ನಡುವೆ ಒಂದು ಉಸಿರಿನಷ್ಟು ಜಾಗ ಇರಬೇಕು ಕಣೋ. ಅಂಟಿಸಿದ್ರೆ ಅದು ಗೌರವ ಅಲ್ಲ, ಲೇಬಲ್ಲು' ಎಂದರು. ಹೀಗಾಗಿ ಭಂಡಾರದ ಪ್ರತಿಯೊಂದು ಫೈಲಿನ ಹೆಸರಿನಲ್ಲೂ ಮ್ಬಾ, ಆಮೇಲೆ ಒಂದು ಉಸಿರು, ಆಮೇಲೆ ಹೆಸರು.

ಚೆನ್ನಾಗಿ ಬಂದ ಧ್ವನಿಗಳನ್ನೆಲ್ಲ ನಾನು ಒಂದು ಫೋಲ್ಡರಿನೊಳಗೆ ಹಾಕಿದ್ದೆ. ಅದಕ್ಕೆ ಟೈಪು ಮಾಡಲು ಸುಲಭವಾಗಲಿ ಎಂದು ಚಿಕ್ಕದಾಗಿ 'ಮ್ಬಾ' ಎಂದೇ ಹೆಸರಿಟ್ಟಿದ್ದೆ. ಈ ಬುದ್ಧಿವಂತಿಕೆ ಸಂಪೂರ್ಣ ನನ್ನದು, ಅದರಲ್ಲಿ ತಮ್ಮ ಪಾಲೇನೂ ಇಲ್ಲ. ಕೆಟ್ಟು ಹೋದ ಧ್ವನಿಗಳು, ಅಂದರೆ ಕೆಮ್ಮಿದ್ದು, ಮೋಟಾರು ಬೈಕು ಹಾದದ್ದು, ಕೋಳಿ ಕೂಗಿದ್ದು, ಅವು ಫೋಲ್ಡರಿನ ಹೊರಗೆ, ಜಗಲಿಯ ಮೇಲೆ ಚಪ್ಪಲಿ ಬಿಟ್ಟ ಹಾಗೆ ಬಿದ್ದಿದ್ದವು, ಹೆಸರಿನ ಕೊನೆಗೆ 'ಹಳೆಯದು' ಎಂಬ ಬಾಲ ಹೊತ್ತುಕೊಂಡು. ಆ ಹಳೆಯವುಗಳನ್ನು ಅಳಿಸುವುದೇ ಅಂದಿನ ಚೊಕ್ಕಟ. ಬೆಳಿಗ್ಗೆ ಹನ್ನೊಂದೂ ಕಾಲಿಗೆ, ಹಾಡುತ್ತಾ ಒಂದು ಸಾಲು ಬರೆದೆ: ಫೈಂಡ್ ಅವರೇ, 'ಹಳೆಯದು' ಎಂದು ಮುಗಿಯುವವನ್ನೆಲ್ಲ ಹುಡುಕಿ, ಎಕ್ಸಾರ್ಗ್ಸ್ ಅವರೇ, ಅವನ್ನು ದಾಟಿಸಿ, ಆರೆಮ್ ಅವರೇ, ಅಳಿಸಿ, ಫೋಲ್ಡರಾದರೂ ಬಿಡಬೇಡಿ, ಏನನ್ನೂ ಕೇಳಬೇಡಿ. ಕೊನೆಯ ಎರಡು ಸೂಚನೆಗಳನ್ನು ಸೇರಿಸಿದ ಬೆರಳುಗಳ ಬಗ್ಗೆ ಬೇರೆ ಪತ್ರದಲ್ಲಿ, ಸಾಧ್ಯವಾದರೆ ಬೇರೆ ಜನ್ಮದಲ್ಲಿ ಚರ್ಚಿಸೋಣ.

ಫೈಂಡ್ ಅವರು ಸರಿಯಾಗಿಯೇ ಕೂಗಿದರು: 'ಮ್ಬಾ ಸರಿಂತೆನ್ ಹಳೆಯದು'. ತಾವು ಕೊಳವೆಯ ಬಾಯಲ್ಲಿ ನಿಂತು ಅದನ್ನು ಭಕ್ತಿಯಿಂದ ಹಿಡಿದು, ಬು ಹರ್ನಿಯವರು ಬಿಡಿಸಿದ್ದ ಆ ಉಸಿರಿನ ಜಾಗದಲ್ಲಿ ಕತ್ತಿ ಇಟ್ಟು, ಮೂರು ತುಂಡು ಮಾಡಿ ಆರೆಮ್ ಅವರ ಕೈಗೆ ಇಟ್ಟಿರಿ. ಒಂದು, ಮ್ಬಾ. ಎರಡು, ಸರಿಂತೆನ್. ಮೂರು, ಹಳೆಯದು. ಸರಿಂತೆನ್ ಎಂಬ ಹೆಸರಿನದು ಅಲ್ಲಿ ಯಾವುದೂ ಇರಲಿಲ್ಲ. ಬರೀ ಹಳೆಯದು ಎಂಬುದೂ ಇರಲಿಲ್ಲ. ಮ್ಬಾ ಇತ್ತು. ಊರಿನ ಅಷ್ಟೂ ಹಿರಿಯರು ಒಳಗೆ ಕುಳಿತಿದ್ದ ಫೋಲ್ಡರು ಅದು. ಆರೆಮ್ ಅವರು ಕೇಳಬೇಡ ಎಂದದ್ದಕ್ಕೆ ಕೇಳಲಿಲ್ಲ, ಬಿಡಬೇಡ ಎಂದದ್ದಕ್ಕೆ ಬಿಡಲಿಲ್ಲ. ಜಗಲಿಯ ಮೇಲೆ ಹಳೆಯವು ಇನ್ನೂ ಹದಿಮೂರು ಇದ್ದವಲ್ಲ, ಅವುಗಳಿಂದಲೂ ಒಂದೊಂದು ಮ್ಬಾ ಕತ್ತರಿಸಿ ಕೊಟ್ಟಿರಿ. ಒಮ್ಮೆಗೇ ಹೋದದ್ದನ್ನು ಹದಿನಾಲ್ಕು ಬಾರಿ ಕಳಿಸಿದ ತಮ್ಮ ಶ್ರದ್ಧೆಗೆ ಏನು ಕೊಟ್ಟರೆ ತೀರೀತು? ಅಳಿಸಿ ಎಂದು ನಾನು ಬೇಡಿಕೊಂಡ ಹದಿನಾಲ್ಕೂ ಕೂದಲು ಕೊಂಕದೆ ಉಳಿದವು. ಪರದೆಯ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ. ನಾನು, ಆಹಾ, ಎಷ್ಟು ಚೆನ್ನಾಗಿ ಮುಗಿಯಿತು ಎಂದು ಟೀ ಕುಡಿಯಲು ಹೋದೆ.

ನಕಲು ಇರಲಿಲ್ಲವೇ? ಇತ್ತು ಸ್ವಾಮಿ. ಪಕ್ಕದ ಡಿಸ್ಕು ಪ್ರತಿದಿನ ಹನ್ನೆರಡು ಗಂಟೆಗೆ ಇಲ್ಲಿರುವುದನ್ನೆಲ್ಲ ತನ್ನೊಳಗೆ ನಕಲು ಮಾಡಿಕೊಂಡು, ಇಲ್ಲಿಲ್ಲದ್ದನ್ನು ತನ್ನಲ್ಲೂ ಇಲ್ಲವಾಗಿಸುತ್ತಿತ್ತು. ಅಂದು ನಾನು ಟೀ ಮುಗಿಸಿ ಬರುವಷ್ಟರಲ್ಲಿ ಅದು ನಮ್ಮ ಶೂನ್ಯವನ್ನು ಬಹಳ ಅಚ್ಚುಕಟ್ಟಾಗಿ ನಕಲು ಮಾಡಿ ಮುಗಿಸಿತ್ತು.

ಬು ಹರ್ನಿಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆಯಲಿಲ್ಲ, ಬೈಯಲಿಲ್ಲ. 'ಯಾರ್ಯಾರು ಹೋದ್ರು, ಹೇಳು' ಎಂದು ಒಂದು ನೋಟ್‌ಬುಕ್ ತೆರೆದು, ನಾನು ಹೇಳಿದಂತೆ ಒಬ್ಬೊಬ್ಬರ ಹೆಸರನ್ನೂ ಮ್ಬಾ ಸಮೇತ, ನಡುವೆ ಜಾಗ ಬಿಟ್ಟು, ದುಂಡಗೆ ಬರೆದುಕೊಂಡರು. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ. ಮರುದಿನದಿಂದ ಇಬ್ಬರೂ ನನ್ನ ಮೋಟಾರು ಬೈಕಿನ ಮೇಲೆ ಮನೆ ಮನೆ ಸುತ್ತಿದೆವು. ಹಾಡಿದವರಿಗೆಲ್ಲ ಅವರ ದನಿಯನ್ನು ಒಂದು ಪೆನ್ ಡ್ರೈವಿನಲ್ಲಿ ಹಾಕಿಕೊಡುವುದು ಮೊದಲಿಂದಲೂ ನಮ್ಮ ಪದ್ಧತಿ. ಒಂದು ಮನೆಯಲ್ಲಿ ಅದು ದೇವರ ಗ್ರಂಥದ ಪಕ್ಕ ಗಾಜಿನ ಕಪಾಟಿನಲ್ಲಿತ್ತು. ಇನ್ನೊಂದು ಮನೆಯಲ್ಲಿ ಅಜ್ಜನ ದೋಣಿ ಹಾಡು ಅಳಿಸಿ ಮೊಮ್ಮಗಳ ಮದುವೆಯ ಕುಣಿತ ತುಂಬಿಸಿದ್ದರು. ಬಹಳಷ್ಟು ಸಿಕ್ಕವು. ಇಬ್ಬರದು ಸಿಗಲೇ ಇಲ್ಲ. ಅವರಲ್ಲೊಬ್ಬರು ಮ್ಬಾ ಸರಿಂತೆನ್. ಅವರು ಪೆನ್ ಡ್ರೈವನ್ನು ಆಗಲೇ ಬು ಹರ್ನಿಯವರಿಗೆ ವಾಪಸು ಕಳಿಸಿದ್ದರು, 'ನನ್ನ ದನಿ ನನ್ನ ಗಂಟಲಲ್ಲೇ ಇದೆ, ಈ ಕಡ್ಡಿ ಯಾಕೆ?' ಎಂದು. ಹಾಗೆ ಬಂದ ಕಡ್ಡಿಯನ್ನು ಒರೆಸಿ, ಬೇರೊಬ್ಬರ ಹಾಡು ತುಂಬಿಸಿ ಕೊಟ್ಟವನೂ ನಾನೇ.

ಬು ಪೊನಿರಾಗೆ ಹೇಳುವುದು ಉಳಿದಿತ್ತು. ಅವರ ಅಂಗಡಿಗೆ ಮೂರು ದಿನ ಹೋದೆ. ಮೂರು ದಿನವೂ ಬಾಯಿ ತೆರೆದೆ. ಮೂರು ದಿನವೂ ಆಕೆ ಆ ಬಾಯಿಗೆ ಹಸಿವೆಂದು ತಿಳಿದು ತಟ್ಟೆ ತುಂಬಿ ಕೊಟ್ಟರು. ಈ ದಂಡನೆ ತಮ್ಮ ಲೋಕದಲ್ಲಿ ಇರಲಾರದು. ನಾಲ್ಕನೇ ದಿನ ನಿಂತುಕೊಂಡೇ ಹೇಳಿಬಿಟ್ಟೆ. ಆಕೆ ಸಾರಿನ ಸೌಟನ್ನು ಎರಡು ಸುತ್ತು ತಿರುಗಿಸಿ, 'ಹೊರಗೆ ಬಿಸಾಕಿದ್ದು ಅಂತ ಏನೋ ಉಳಿದಿದೆ ಅಂದ್ಯಲ್ಲ, ಅದ್ರಲ್ಲಿ ಮಾಕ್ ಇದಾಳಾ?' ಎಂದರು. 'ಇದಾರೆ ಬು, ಆದ್ರೆ ಅದು ಮೈಕು ಪರೀಕ್ಷೆ ಮಾಡಿದ್ದು. ಬರೀ ಕೆಮ್ಮು, ಗದ್ದಲ. ಹಾಡೇ ಇಲ್ಲ.' 'ಹಾಡು ನಂಗೂ ಬರುತ್ತಪ್ಪಾ' ಎಂದರು ಆಕೆ. 'ಅದನ್ನೇ ತಾ.'

ಇಷ್ಟರಲ್ಲಿ ಒಂದು ಸಂಗತಿ ತಿಳಿಯಿತು, ಅದನ್ನು ಮುಚ್ಚಿಡಲಾರೆ. ಹಿಂದೆ ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಾಸ್ ಬೊವೊ (ಮಾಸ್ ಎಂದರೆ ಅಣ್ಣ) ಈಗ ಇಡೀ ದಿನ ಕಾಫಿ ಅಂಗಡಿಯಲ್ಲಿ ಕುಳಿತು, ಲೋಟದ ತಳದ ಗಸಿಯಿಂದ ಸಿಗರೇಟಿನ ಮೇಲೆ ಬಳ್ಳಿ ಬರೆಯುತ್ತಿರುತ್ತಾನೆ. ನನ್ನ ಕಥೆ ಕೇಳಿ, ಬಳ್ಳಿಗೆ ಒಂದು ಎಲೆ ಸೇರಿಸಿ, 'ಲೇ, ಯಾವ ಹೆಸರಿನೊಳಗೂ ಇರೋಕೆ ಆಗದ ಒಂದು ಗುರುತಿದೆ. ಸೊನ್ನೆ, ಅಂಕಿಯ ಸೊನ್ನೆ ಅಲ್ಲ, ಕಣ್ಣಿಗೆ ಕಾಣದ್ದು. ಹೆಸರು ಮುಗಿದ ಕಡೆ ಅದನ್ನಿಡು ಅಂತ ಫೈಂಡ್‌ಗೆ ಹೇಳು, ಅಲ್ಲೇ ಕತ್ತರಿಸು ಅಂತ ಎಕ್ಸಾರ್ಗ್ಸ್‌ಗೆ ಹೇಳು. ನಡುವೆ ಎಷ್ಟು ಉಸಿರು ಬಿಟ್ಟರೂ ಮುಟ್ಟಲ್ಲ' ಎಂದ. 'ಇದು ಯಾವಾಗಿಂದ ಇದೆ ಮಾಸ್?' 'ನೀನು ಹುಟ್ಟೋಕೆ ಮುಂಚಿನಿಂದ.' 'ಮತ್ತೆ ಎಕ್ಸಾರ್ಗ್ಸ್ ಯಾಕೆ ಹೇಳಲಿಲ್ಲ?' 'ನೀನು ಕೇಳಿದ್ಯಾ?' ಆಮೇಲೆ ಇನ್ನೂ ಒಂದು ತಿಳಿಯಿತು: ದಾಟಿಸುವ ಮುನ್ನ 'ಹೀಗೆ ಮಾಡಲೇ?' ಎಂದು ಕೇಳುವ ಅಭ್ಯಾಸವೂ ತಮಗಿದೆಯಂತೆ, 'ಕೇಳು' ಎಂದು ನಾವು ಮೊದಲೇ ಹೇಳಿದ್ದರೆ. ಮನೆಗೆ ಬೆಂಕಿ ಬಿದ್ದಾಗ ಕೂಗಬೇಕೋ ಬೇಡವೋ ಎಂದು ಹಿಂದಿನ ದಿನವೇ ಅಪ್ಪಣೆ ಪಡೆದಿರಬೇಕೆನ್ನುವ ಇಂಥ ಶಿಸ್ತಿನ ಸೇವಕರು ಎಲ್ಲಿ ಸಿಕ್ಕಾರು?

ಆದ್ದರಿಂದ ನನ್ನ ವಿನಂತಿಗಳು. ತಾವು ಖುದ್ದಾಗಿ ಲಾಸೆಮಿಗೆ ಬಂದು, ನಮ್ಮ ಪದ್ಧತಿಯಂತೆ ಹಿರಿಯರ ಮುಂದೆ ಬೆನ್ನು ಬಾಗಿಸಿ ನಡೆದು, ದನಿ ಕಳೆದುಕೊಂಡ ಪ್ರತಿ ಮನೆಯಲ್ಲೂ ಒಂದೊಂದು ಲೋಟ ಟೀ ಕುಡಿದು ಕ್ಷಮೆ ಕೇಳಬೇಕು. ಬೆನ್ನಿಲ್ಲವೆಂಬ ನೆಪ ನಡೆಯದು. ಭಾನುವಾರದ ಬು ಹರ್ನಿಯವರ ತರಗತಿಗೆ ಸೇರಿ, ಕಿರಿಯರೊಡನೆ ಒಂದು, ಸಮಾನರೊಡನೆ ಒಂದು, ಹಿರಿಯರೊಡನೆ ಇನ್ನೊಂದು ಹೀಗೆ ಮೂರು ಬಗೆಯ ಮಾತನ್ನೂ ಕಲಿಯಬೇಕು. ಅಲ್ಲಿಯವರೆಗೆ ಅರವತ್ತು ದಾಟಿದವರ ಹೆಸರನ್ನು ತಾವು ಮುಟ್ಟುವಂತಿಲ್ಲ. ಯಾರದೇ ಹೆಸರನ್ನು ತುಂಡರಿಸುವ ಮುನ್ನ ಅವರ ಮಕ್ಕಳ ಲಿಖಿತ ಒಪ್ಪಿಗೆ ಪಡೆಯಬೇಕು, ಮಕ್ಕಳು ಮೀನು ಹಿಡಿಯಲು ಸಮುದ್ರಕ್ಕೆ ಹೋಗಿದ್ದರೆ ಬರುವತನಕ ಕೊಳವೆಯಲ್ಲೇ ಕಾಯಬೇಕು. ಮತ್ತು ಆ ಜೋಗುಳವನ್ನು, ತಾವು ಎಲ್ಲಿ ಸುರಿದಿದ್ದೀರೋ ಅಲ್ಲಿಂದ ಬೊಗಸೆಯಲ್ಲಿ ಎತ್ತಿ ತರಬೇಕು.

ಇಷ್ಟು ಬರೆದು ಸಹಿ ಹಾಕಬಹುದಿತ್ತು. ಆದರೆ ಮೊನ್ನೆ ನೂರನೇ ದಿನ ನಡೆಯಿತು. ಅದನ್ನು ಹೇಳದೆ ಬಿಟ್ಟರೆ ದೂರು ಸುಳ್ಳಾಗುತ್ತದೆ.

ಚಾಪೆ ಹಾಸಿತ್ತು. ಪ್ರಾರ್ಥನೆ ಮುಗಿಯಿತು, ಊಟದ ಪೊಟ್ಟಣಗಳು ಹಂಚಾಗುತ್ತಿದ್ದವು, ಬು ಪೊನಿರಾ ಒಳಗೆ ಒಲೆಯ ಮುಂದೆ ಇದ್ದರು. ಹೇಗೂ ಕೇಳುವಂಥದ್ದೇನಿಲ್ಲವಲ್ಲ, ಬೇಗ ಮುಗಿದುಹೋಗಲಿ ಎಂದು ನಾನು ಆಕೆಯನ್ನು ಕಾಯದೆ ಸ್ಪೀಕರ್ ಒತ್ತಿಬಿಟ್ಟೆ. ಮೊದಲು ಒಂದು ಬೈಕು ಹಾದುಹೋಯಿತು. ಕೋಳಿ ಕೂಗಿತು. ಕೆಮ್ಮು. ಆಮೇಲೆ ಮ್ಬಾ ಸರಿಂತೆನ್: 'ಈ ಕೋಲು ಬಾಯಿಗಿಷ್ಟು ಹತ್ತಿರ ಯಾಕೋ ಹಿಡೀತೀಯ, ನಾನೇನು ಇದನ್ನ ತಿನ್ಲಾ?' ಚಾಪೆಯ ಮೇಲಿದ್ದವರು ತಲೆ ತಗ್ಗಿಸಿ ನಕ್ಕರು. ಮತ್ತೆ ಕೆಮ್ಮು. ಮತ್ತೆ, ಇದ್ದಕ್ಕಿದ್ದಂತೆ, ಇಡೀ ಬೀದಿಗೆ ಕೇಳುವ ಹಾಗೆ: 'ಪೋನ್! ಏ ಪೋನ್! ಮೇಣ ಹೊತ್ತೋಗ್ತಿದೆ, ಒಲೆ ತಗ್ಗಿಸೇ!'

'ಬಂದೆ ಮಾಕ್, ಬಂದೆ!' ಎಂದಿತು ಅಡುಗೆಮನೆ.

ಬು ಪೊನಿರಾ ಸೌಟು ಹಿಡಿದೇ ಓಡಿಬಂದು ಬಾಗಿಲಲ್ಲಿ ನಿಂತರು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಕೆ ಅಲ್ಲೇ ಹೊಸ್ತಿಲ ಮೇಲೆ ಕುಳಿತು, 'ಇನ್ನೊಂದ್ಸಲ ಹಾಕು' ಎಂದರು. ಹಾಕಿದೆ. ಮತ್ತೆ ಹಾಕಿದೆ. ನಾಲ್ಕನೆಯ ಬಾರಿ ಅಮ್ಮ ಕೂಗಿದಾಗ ಮಗಳು, 'ತಗ್ಗಿಸಿದೀನಿ ಅಂದ್ನಲ್ಲ, ಎಷ್ಟು ಸಲ ಹೇಳ್ತೀಯ!' ಎಂದು ತಿರುಗಿ ಬೈದರು. ಆಮೇಲೆ ಸೌಟನ್ನು ಪಕ್ಕಕ್ಕಿಟ್ಟು ಅತ್ತರು. ಆ ನೂರು ದಿನಗಳಲ್ಲಿ ಆಕೆ ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ. ಕೆಬಾಯ ತೊಟ್ಟು ಹಾಡಿದ ಜೋಗುಳಕ್ಕೆ ಆಕೆ ಕೈಮುಗಿದು ಕುಳಿತಿರುತ್ತಿದ್ದರು ಎಂದು ನನ್ನ ಅನಿಸಿಕೆ. ಹೊರಡುವಾಗ ಬು ಹರ್ನಿಯವರು ಮೆಲ್ಲಗೆ, 'ಹಾಡು ನಿಂಗೂ ಬರುತ್ತಲ್ಲ ಪೋನ್, ಒಂದಿನ ಭಂಡಾರಕ್ಕೆ ಬಂದು ಹಾಡ್ತೀಯಾ?' ಎಂದರು. ಆಕೆ ಮೂಗು ಒರೆಸಿಕೊಂಡು ನನ್ನ ಕಡೆ ಗದ್ದ ಎತ್ತಿ, 'ಮೊದ್ಲು ಇವ್ನು ಟೈಪ್ ಮಾಡೋದು ಕಲೀಲಿ' ಎಂದರು.

ಹೀಗೆ, ಮಾನ್ಯರೇ, ಉಳಿಸಬೇಕೆಂದದ್ದನ್ನು ಅಳಿಸಿ, ಅಳಿಸಿ ಎಂದು ನಾನು ಕೊಟ್ಟ ಅಪ್ಪಣೆಯನ್ನು ಅಷ್ಟೇ ನಿಷ್ಠೆಯಿಂದ ಮುರಿದು, ಕಸವೆಂದು ನಾನು ಹೊರಗಿಟ್ಟದ್ದನ್ನು ತಾವು ಕಾಪಾಡಿಕೊಟ್ಟಿರಿ. ಇದಕ್ಕೆ ತಮಗೆ ಧನ್ಯವಾದ ಹೇಳೋಣವೆಂದರೆ ತಾವು ಮಾಡಿದ್ದೇನೆಂದು ತಮಗೇ ಗೊತ್ತಿಲ್ಲ. ಬೈಯೋಣವೆಂದರೆ ಅದೇ ಕಾರಣ. ಯಾವುದು ಕಸ ಎಂದು ಹೆಸರಿಟ್ಟವನು ನಾನು. ಅಷ್ಟು ಮಾತ್ರ ನನಗೆ ಗೊತ್ತಿದೆ. ಆದರೂ ದೂರನ್ನು ಹಿಂತೆಗೆದುಕೊಳ್ಳುವುದಿಲ್ಲ. ಕಳೆದ ಇನ್ನೊಂದು ದನಿ ದೋಣಿ ಕಟ್ಟುವ ಅಜ್ಜನೊಬ್ಬರದು. ಅವರ ಪಾಲಿಗೆ ಜಗಲಿಯ ಮೇಲೆ ಏನೂ ಬಿದ್ದಿರಲಿಲ್ಲ. ಅವರು ಒಮ್ಮೆಯೂ ಕೆಮ್ಮದೆ ಹಾಡಿದ್ದರು.

ಬೇರೆ ಗತಿಯಿಲ್ಲದ್ದರಿಂದ ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ಗಂಗ್ಸರ್

ತಾ.ಕ.: ನಾನು ಟೈಪು ಮಾಡುವಾಗ ಈಗ ಬು ಹರ್ನಿಯವರು ಬೆನ್ನ ಹಿಂದೆ ಕುರ್ಚಿ ಹಾಕಿ ಕೂರುತ್ತಾರೆ. ಕೊನೆಯ ಗುಂಡಿ ಒತ್ತುವ ಮೊದಲು 'ಏನು ಬರೆದಿದೀಯ, ಗಟ್ಟಿಯಾಗಿ ಓದು' ಎನ್ನುತ್ತಾರೆ. ಕಂಪ್ಯೂಟರಿನ ಬಗ್ಗೆ ಅವರಿಗೆ ಏನೇನೂ ಗೊತ್ತಿಲ್ಲ, ವಯಸ್ಸು ಅರವತ್ತೆಂಟು, ಊಟದ ನಂತರ ತೂಕಡಿಸುತ್ತಾರೆ. ತೂಕಡಿಸುತ್ತಲೇ ನಿನ್ನೆ ಎರಡು ತಪ್ಪು ಹಿಡಿದರು. ಐವತ್ತು ವರ್ಷಗಳ ಅನುಭವವಿರುವ ತಾವು ಈ ಹುದ್ದೆಗೆ ಅರ್ಜಿ ಹಾಕುವುದಾದರೆ ನನ್ನ ಅಭ್ಯಂತರವಿಲ್ಲ, ಆದರೆ ಆಯ್ಕೆಯಾಗುವ ಭರವಸೆ ಕೊಡಲಾರೆ.